ಕೈಯುಗುರು ಸೀಳುತ್ತಿದ್ದರೆ ಮೊದಲು ಕಾಲುಗುರು ನೋಡಿ

ಕೈಬೆರಳ ಉಗುರುಗಳು ಪದರ ಪದರವಾಗಿ ಸೀಳುತ್ತಿದ್ದರೆ, ಮಾತ್ರೆ ಕೊಳ್ಳುವ ಮೊದಲು ಕಾಲಿನ ಉಗುರುಗಳನ್ನು ಗಮನಿಸಿ: ಅವು ಗಟ್ಟಿಯಾಗಿದ್ದರೆ ಕಾರಣ ಬಹುಮಟ್ಟಿಗೆ ಹೊರಗಿನದು, ಅವೂ ಮುರಿಯುತ್ತಿದ್ದರೆ ದೇಹದೊಳಗಿನದಿರಬಹುದು. ಒಳಗಿನ ಕೊರತೆ ಸಾಮಾನ್ಯವಾಗಿ ಎಲ್ಲ ಉಗುರುಗಳನ್ನೂ ತಟ್ಟುತ್ತದೆ. ನೀರು, ಸೋಪಿನ ಪುಡಿ ಹೆಚ್ಚಾಗಿ ತಾಗುವುದು ಕೈಗೆ, ಮತ್ತು ಪದೇ ಪದೇ ನೆನೆದು ಉಬ್ಬಿ, ಒಣಗಿ ಕುಗ್ಗುವ ಉಗುರಿನ ಪದರಗಳು ತುದಿಯಲ್ಲಿ ಬಿಟ್ಟುಕೊಳ್ಳುತ್ತವೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಬಿಸಿನೀರಿನಲ್ಲಿ ಕೈಯಿಟ್ಟು ದುಡಿಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೆಲಸ ಮುಗಿದೊಡನೆ ಕೈ ಒರೆಸಿ, ಉಗುರಿನಲ್ಲಿ ತುಸು ತೇವವಿರುವಾಗಲೇ ಬುಡಕ್ಕೂ ತುದಿಗೂ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ತಿಕ್ಕಿರಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಮಾತ್ರ ಬೆಳೆಯುವುದರಿಂದ ಫಲ ಕಾಣಲು ಕೆಲವು ತಿಂಗಳು ಬೇಕು. ಹೊಲಕ್ಕೆ ನೀರು ಹಾಯಿಸುತ್ತ ಕೆಸರಿನಲ್ಲಿ ನಿಲ್ಲುವವರಿಗೆ, ಫಂಗಸ್ ತಗುಲಿ ಕಾಲುಗುರು ಹಳದಿಯಾಗಿ ದಪ್ಪಗಾದವರಿಗೆ ಮತ್ತು ವಯಸ್ಸಾದವರಿಗೆ ಈ ಹೋಲಿಕೆ ಸರಿಯಾಗಿ ಹೊಂದುವುದಿಲ್ಲ. ಉಗುರು ಬಿಳಿಚಿಕೊಂಡು ಚಮಚದಂತೆ ನಡುವೆ ಗುಳಿಬಿದ್ದು, ಜೊತೆಗೆ ಸುಸ್ತು, ಏದುಸಿರು ಇದ್ದರೆ ಎಣ್ಣೆಯನ್ನು ನಂಬಿ ಕೂರದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಗೆ ಕೇಳಿ. ಕೂದಲು ಉದುರಿ, ಚಳಿ ತಡೆಯಲಾಗದಿದ್ದರೆ ಥೈರಾಯ್ಡ್ ಬಗ್ಗೆಯೂ ವೈದ್ಯರಲ್ಲಿ ವಿಚಾರಿಸಿ. ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವವಾಗುವ ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಪರೀಕ್ಷೆಯನ್ನು ದಯವಿಟ್ಟು ಮುಂದೂಡಬೇಡಿ.