ಡೇರೆ ಹೂವನ್ನು ಹೂದಾನಿಯಲ್ಲಿ ಬಾಡದಂತೆ ಇಡುವುದು ಹೇಗೆ?

ಮಳೆಗಾಲ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪದ ಕಡೆ ಮನೆಯಂಗಳದ ತುಂಬ ಡೇರೆ. ಗೌರಿ ಹಬ್ಬದ ಹೊತ್ತಿಗಂತೂ ಆಸರೆಗೆ ಕೋಲು ಕೊಡದಿದ್ದರೆ ಗಿಡ ಹೂವಿನ ಭಾರಕ್ಕೆ ಮಲಗಿಬಿಡುತ್ತದೆ. ಪೂಜೆಗೆ, ಮುಡಿಗೆ ಆಗಿ ಮಿಕ್ಕಿದ್ದನ್ನು ಹೂದಾನಿಗೆ ಇಡೋಣ ಎಂದರೆ ಮಾರನೇ ದಿನವೇ ಜೋತುಬೀಳುತ್ತದೆ, ಅಲ್ವಾ? ತಪ್ಪು ಹೆಚ್ಚಾಗಿ ಜೋಡಿಸುವುದರಲ್ಲಿ ಇರುವುದಿಲ್ಲ, ಕೊಯ್ಯುವುದರಲ್ಲಿ ಇರುತ್ತದೆ.

ಬಿಸಿಲೇರುವ ಮುಂಚೆ ಕೊಯ್ಯಿರಿ. ಆಗ ದಂಟಿನಲ್ಲಿ ನೀರು ತುಂಬಿರುತ್ತದೆ. ಬಕೆಟ್‌ನಲ್ಲಿ ನೀರು ಹಿಡಿದುಕೊಂಡೇ ಅಂಗಳಕ್ಕೆ ಇಳಿಯಿರಿ, ಕೊಯ್ದ ಹೂವನ್ನು ತಕ್ಷಣ ಅದರಲ್ಲಿಡಿ. ಡೇರೆ ಮೊಗ್ಗನ್ನು ತಂದಿಟ್ಟರೆ ಅದು ಅರಳುವುದಿಲ್ಲ. ಮುಕ್ಕಾಲು ಪಾಲಿಗಿಂತ ಜಾಸ್ತಿ ಅರಳಿದ್ದೇ ಬೇಕು. ಹಾಗಂತ ಹಳೆಯದೂ ಆಗಿರಬಾರದು. ಹೂವನ್ನು ಹಿಂದೆ ತಿರುಗಿಸಿ, ದಂಟಿನ ಪಕ್ಕದ ಎಸಳುಗಳನ್ನು ಮುಟ್ಟಿ ನೋಡಿ. ಬಿಗಿಯಾಗಿದ್ದರೆ ಹದ ಸರಿಯಿದೆ. ಮೆತ್ತಗಾಗಿ, ಅಂಚು ಕಾಗದದಂತೆ ಒಣಗಿದ್ದರೆ ಅದನ್ನು ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ. ಗಿಡ ಹೊಸ ಮೊಗ್ಗಾದರೂ ಬಿಡಲಿ.

ಗ್ಲಾಡಿಯೋಲಸ್, ಸುಗಂಧರಾಜದ ಲೆಕ್ಕ ಬೇರೆ. ಕೆಳಗಿನ ಒಂದೆರಡು ಹೂ ಬಿರಿಯುವಾಗಲೇ ಕೊಯ್ದರೆ ಮೇಲಿನವು ಒಂದೊಂದಾಗಿ ಮನೆಯೊಳಗೇ ಅರಳುತ್ತವೆ.

ಮಳೆ ಬಂದಿದ್ದರೆ ಡೇರೆಯ ಎಸಳುಗಳ ನಡುವೆ ನೀರು ನಿಂತಿರುತ್ತದೆ. ತಲೆಕೆಳಗೆ ಹಿಡಿದು ಮೆಲ್ಲಗೆ ಕೊಡವಿ. ಇರುವೆಯೂ ಉದುರುತ್ತದೆ.

ಮುಂದಿನದು ಬಿಸಿನೀರಿನ ಉಪಾಯ. ಹೂ ಬೆಳೆಯುವವರಲ್ಲಿ ಇದು ಹಳೆಯ ರೂಢಿ. ಹರಿತವಾದ ಚಾಕುವಿನಿಂದ ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ. ಕುದಿಯುವಷ್ಟಲ್ಲ, ಸುಮಾರು 70 ಡಿಗ್ರಿ ಬಿಸಿಯ ನೀರು ಎರಡು ಮೂರು ಇಂಚು ಇರಲಿ. ಅದರಲ್ಲಿ ದಂಟುಗಳನ್ನು ನಿಲ್ಲಿಸಿ, ನೀರು ಆರುವವರೆಗೆ ಬಿಡಿ. ಒಂದು ಗಂಟೆ ಹಿಡಿಯಬಹುದು. ಹಬೆ ಹೂವಿಗೆ ತಾಗದಂತೆ ನೋಡಿಕೊಳ್ಳಿ.

ಹೂದಾನಿಯನ್ನೇ ಕೊಳ್ಳಬೇಕೆಂದೇನಿಲ್ಲ. ಅಟ್ಟದ ಮೇಲಿರುವ ಉಪ್ಪಿನಕಾಯಿ ಭರಣಿ ಡೇರೆಗೆ ಹೇಳಿ ಮಾಡಿಸಿದ್ದು. ಭಾರವಿರುವುದರಿಂದ ಮಗುಚುವುದಿಲ್ಲ. ಕೋಳಿಗೂಡಿಗೆ ಹಾಕುವ ತಂತಿ ಬಲೆಯ ತುಂಡನ್ನು ಉಂಡೆ ಮಾಡಿ ಒಳಗೆ ತುರುಕಿದರೆ ದಂಟು ಇಟ್ಟ ಕಡೆಯೇ ನಿಲ್ಲುತ್ತದೆ. ಅಂಗಡಿಯ ಹಸಿರು ಸ್ಪಂಜು ಬೇಡ, ಅದು ಪ್ಲಾಸ್ಟಿಕ್. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಿ, ಇಲ್ಲದಿದ್ದರೆ ಕೊಳೆತು ನಾರುತ್ತವೆ. ಮೊದಲು ಜರಿಗಿಡದ ಎಲೆ ಹರಡಿ. ತಟ್ಟೆಯಗಲದ ಡೇರೆಗಳು ಭರಣಿಯ ಬಾಯಿಗೆ ಹತ್ತಿರ ಇರಲಿ, ಚಿಕ್ಕವು ಎತ್ತರಕ್ಕೆ ಹೋಗಲಿ. ದೊಡ್ಡದನ್ನು ಮೇಲಿಟ್ಟರೆ ಎಲ್ಲವೂ ಮುಂದಕ್ಕೆ ವಾಲಿದಂತೆ ಕಾಣುತ್ತದೆ.

ನೀರಿಗೆ ಸಕ್ಕರೆ ಹಾಕಿ, ಆಸ್ಪಿರಿನ್ ಹಾಕಿ ಎನ್ನುವವರಿದ್ದಾರೆ. ಸುಮ್ನೆ ಸಕ್ಕರೆ ಒಂದನ್ನೇ ಹಾಕಿದರೆ ಬ್ಯಾಕ್ಟೀರಿಯಾ ಹೆಚ್ಚಿ ನೀರು ಲೋಳೆಯಾಗುತ್ತದೆ. ದಿನಾ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ದಂಟಿನ ತುದಿಯನ್ನು ಅರ್ಧ ಇಂಚು ಕತ್ತರಿಸಿದರೆ ಡೇರೆ ನಾಲ್ಕೈದು ದಿನ ನಿಲ್ಲುತ್ತದೆ. ಪಡಸಾಲೆಯಲ್ಲಿ ಬಾಳೆಗೊನೆ ಹಣ್ಣಾಗಲು ಇಟ್ಟಿದ್ದರೆ ಭರಣಿಯನ್ನು ಬೇರೆ ಕೋಣೆಗೆ ಸಾಗಿಸಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಎಷ್ಟೋ ಹೂಗಳು ಬೇಗ ಬಾಡುತ್ತವೆ.