ಮಾಫಿಯಾ ಡೆಫಿನಿಟಿವ್ ಎಡಿಷನ್: ಕಥೆಯ ಮಜಾ ಕೆಡದಂತೆ ಆಡುವುದು ಹೇಗೆ

ಈ ಗೇಮ್ ಶುರು ಮಾಡಿ ಎರಡು ಗಂಟೆಯಲ್ಲೇ ಬಿಟ್ಟವರನ್ನು ಸುಮಾರು ಜನ ನೋಡಿದ್ದೇನೆ. ಎಲ್ಲರದ್ದೂ ಒಂದೇ ದೂರು. ಇಷ್ಟು ದೊಡ್ಡ ಊರು ಕೊಟ್ಟಿದ್ದಾರೆ, ಮಾಡೋಕೆ ಏನೂ ಇಲ್ಲ ಅಂತ. ಅವರು ಹೇಳೋದು ಸುಳ್ಳಲ್ಲ. ಆದರೆ ಇದು ಊರು ಸುತ್ತುವ ಗೇಮ್ ಅಲ್ಲ, ಕಥೆ ಹೇಳುವ ಗೇಮ್. ಹಾಗಂತ ಮೊದಲೇ ಗೊತ್ತಿದ್ದರೆ ಆಡುವ ರೀತಿಯೇ ಬೇರೆ ಆಗುತ್ತದೆ.

ಮೂಲ ಮಾಫಿಯಾ ಬಂದದ್ದು 2002ರಲ್ಲಿ. ಮಾಡಿದ್ದು ಝೆಕ್ ದೇಶದ ಇಲ್ಯೂಷನ್ ಸಾಫ್ಟ್‌ವರ್ಕ್ಸ್. ಅದೇ ಕಥೆಯನ್ನು ಹ್ಯಾಂಗರ್ 13 ಅನ್ನುವ ಸ್ಟುಡಿಯೊ ಹೊಸದಾಗಿ ಕಟ್ಟಿ 2020ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿತು. ನಾನು ಹೇಳುತ್ತಿರುವುದು ಈ ಹೊಸದರ ಬಗ್ಗೆ. ಡಿಸ್ಕ್‌ನಲ್ಲಿ ಸುಮಾರು 50 ಜಿಬಿ ಜಾಗ ಬೇಕು. ರಕ್ತ, ಬೈಗುಳ ಎರಡೂ ಜಾಸ್ತಿ ಇರುವುದರಿಂದ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಆಡಿ.

ಕಥೆ 1930ರಲ್ಲಿ ಶುರುವಾಗುತ್ತದೆ. ಜಾಗ ಲಾಸ್ಟ್ ಹೆವನ್ ಅನ್ನುವ ಕಾಲ್ಪನಿಕ ಅಮೆರಿಕನ್ ನಗರ. ಟಾಮಿ ಏಂಜೆಲೊ ಒಬ್ಬ ಟ್ಯಾಕ್ಸಿ ಡ್ರೈವರ್. ಒಂದು ರಾತ್ರಿ ಪಾಲಿ, ಸ್ಯಾಮ್ ಅನ್ನುವ ಇಬ್ಬರು ಗನ್ ತೋರಿಸಿ ಅವನ ಕಾರು ಹತ್ತುತ್ತಾರೆ, ಹಿಂದೆ ಮೊರೆಲ್ಲೊ ಗ್ಯಾಂಗಿನವರು ಅಟ್ಟಿಸಿಕೊಂಡು ಬರುತ್ತಿರುತ್ತಾರೆ, ಟಾಮಿ ಅವರಿಂದ ತಪ್ಪಿಸಿಕೊಂಡು ಈ ಇಬ್ಬರನ್ನೂ ಅವರ ಬಾಸ್ ಡಾನ್ ಸಲಿಯೇರಿಯ ಬಾರ್‌ಗೆ ತಲುಪಿಸುತ್ತಾನೆ. ಕಾರು ಹಾಳಾದದ್ದಕ್ಕೆ ಕೈಗೆ ಒಂದು ಕವರ್ ದುಡ್ಡು ಬರುತ್ತದೆ. ಅಲ್ಲಿಗೆ ಮುಗೀತು ಅಂದುಕೊಂಡು ಮರುದಿನ ಎಂದಿನಂತೆ ಬಾಡಿಗೆಗೆ ಹೊರಟರೆ, ಮೊರೆಲ್ಲೊ ಕಡೆಯವರು ಬಂದು ಅವನನ್ನು ಹೊಡೆದು ಟ್ಯಾಕ್ಸಿ ಪುಡಿ ಮಾಡುತ್ತಾರೆ. ಅವನಿಗೆ ಓಡಿ ಹೋಗೋಕೆ ಇರುವ ಜಾಗ ಅದೇ ಬಾರ್.

ಈ ಎರಡು ಅಧ್ಯಾಯಗಳನ್ನು ದಯವಿಟ್ಟು ಅವಸರದಲ್ಲಿ ಆಡಬೇಡಿ. ಎರಡನೇ ಅಧ್ಯಾಯದಲ್ಲಿ ನೀವು ಪ್ರಯಾಣಿಕರನ್ನು ಹತ್ತಿಸಿಕೊಂಡು, ಇಳಿಸಿ, ಮತ್ತೆ ಹತ್ತಿಸಿಕೊಂಡು ಹೋಗುತ್ತೀರಿ. ಬೇಜಾರು ಅನ್ನಿಸಬಹುದು. ಆದರೆ ಟಾಮಿ ಕಳೆದುಕೊಳ್ಳುವುದು ಆ ಸಾಮಾನ್ಯ ದುಡಿಮೆಯನ್ನೇ ಅಲ್ವಾ? ಅದನ್ನು ಒಂದಷ್ಟು ಹೊತ್ತು ನಿಮ್ಮ ಕೈಯಿಂದಲೇ ಮಾಡಿಸಿ, ಆಮೇಲೆ ಕಿತ್ತುಕೊಳ್ಳುತ್ತಾರೆ. ಕಥೆ ಹೇಳುವ ಗೇಮ್‌ಗೆ ಮಾತ್ರ ಸಾಧ್ಯವಾಗುವ ಕೆಲಸ ಇದು. ನನ್ನ ಪ್ರಕಾರ ಇಡೀ ಗೇಮ್‌ನ ದೊಡ್ಡ ಬಲ ಇಲ್ಲೇ ಇದೆ.

ಈಗ ಸೆಟ್ಟಿಂಗ್ಸ್. ಮೊದಲು ಸಬ್‌ಟೈಟಲ್ ಆನ್ ಮಾಡಿ. ಇಟಾಲಿಯನ್ ಅಮೆರಿಕನ್ ಉಚ್ಚಾರ, ಜೊತೆಗೆ ಇಂಜಿನ್ ಸದ್ದು, ಅರ್ಧ ಮಾತು ಕಿವಿಗೆ ಬೀಳುವುದೇ ಇಲ್ಲ. ಡಿಫಿಕಲ್ಟಿ ಮೊದಲ ಸಲಕ್ಕೆ ಮೀಡಿಯಂ ಸಾಕು. ಕ್ಲಾಸಿಕ್ ಅಂತ ಇನ್ನೊಂದು ಇದೆ, ಅದರಲ್ಲಿ ಗನ್‌ನಲ್ಲಿ ಗುಂಡು ಉಳಿದಿರುವಾಗಲೇ ರೀಲೋಡ್ ಒತ್ತಿದರೆ ಉಳಿದ ಗುಂಡೆಲ್ಲ ಹೋಯಿತು ಅಂತಲೇ ಲೆಕ್ಕ. ಹಳೆಯದನ್ನು ಆಡಿದವರಿಗೆ ಅದು ಖುಷಿ ಕೊಡುತ್ತದೆ. ಹೊಸಬರಿಗೆ ಸುಮ್ನೆ ತಲೆನೋವು.

ಡ್ರೈವಿಂಗ್‌ಗೆ ರೆಗ್ಯುಲರ್, ಸಿಮ್ಯುಲೇಷನ್ ಅಂತ ಎರಡು ಆಯ್ಕೆ ಕೊಟ್ಟಿದ್ದಾರೆ. ನಾನು ಸಿಮ್ಯುಲೇಷನ್ ಹಾಕಿ ಅನ್ನುತ್ತೇನೆ, ಒಂದು ಮಿಷನ್ ಬಿಟ್ಟು. ಅದರ ಮಾತು ಆಮೇಲೆ. 30ರ ದಶಕದ ಕಾರುಗಳು ಭಾರ, ನಿಧಾನ, ಏರು ಬಂದರೆ ಒದ್ದಾಡುತ್ತವೆ, ಬ್ರೇಕ್ ಒತ್ತಿದ ತಕ್ಷಣ ನಿಲ್ಲುವುದಿಲ್ಲ. ಸಿಮ್ಯುಲೇಷನ್‌ನಲ್ಲಿ ಇದೆಲ್ಲ ಕೈಗೆ ಗೊತ್ತಾಗುತ್ತದೆ. ಕಥೆ ಮುಂದೆ ಹೋಗುತ್ತಾ ಒಳ್ಳೆ ಕಾರು ಸಿಕ್ಕಿದಾಗ ಟಾಮಿಯ ಬದುಕು ಎಷ್ಟು ಬದಲಾಗಿದೆ ಅನ್ನುವುದೂ ಸ್ಟೀರಿಂಗ್ ಹಿಡಿದಾಗಲೇ ತಿಳಿಯುತ್ತದೆ.

ಮುಖ್ಯವಲ್ಲದ ಡ್ರೈವಿಂಗ್ ಬಿಟ್ಟು ನೇರ ಜಾಗಕ್ಕೆ ಹೋಗುವ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಮುಟ್ಟಬೇಡಿ. ಪಾಲಿಯ ಆಸೆ, ಸ್ಯಾಮ್‌ನ ನಿಯತ್ತು, ಇಬ್ಬರ ನಡುವಿನ ಸಣ್ಣ ಕಿರಿಕಿರಿ, ಇದೆಲ್ಲ ಹೊರಬೀಳುವುದು ಕಾರಿನೊಳಗಿನ ಮಾತಿನಲ್ಲಿ. ಆ ಮಾತು ಕೇಳಿಸಿಕೊಳ್ಳದೆ ಬರೀ ಗುಂಡಿನ ಚಕಮಕಿ ಆಡಿಕೊಂಡು ಹೋದರೆ ಕೊನೆಯ ಅಧ್ಯಾಯಗಳಲ್ಲಿ ಯಾರಿಗೆ ಏನಾದರೂ ನಿಮಗೆ ಏನೂ ಅನ್ನಿಸುವುದಿಲ್ಲ. ಮಾತು ಮುಗಿಯುವ ಮೊದಲೇ ಜಾಗ ಬಂದುಬಿಡುತ್ತದೆ ಅನ್ನಿಸಿದರೆ ನಿಧಾನಕ್ಕೆ ಓಡಿಸಿ. ಸ್ಪೀಡ್ ಲಿಮಿಟರ್ ಇದೆ, ಒಂದು ಸಲ ಒತ್ತಿದರೆ ಕಾರು ಮಿತಿ ದಾಟುವುದಿಲ್ಲ, ಪೊಲೀಸರ ಕಾಟವೂ ಇರುವುದಿಲ್ಲ. ಪರದೆಯ ಮೂಲೆಯಲ್ಲಿರುವ ಪುಟ್ಟ ನಕ್ಷೆ, ಅಂದರೆ ಮಿನಿಮ್ಯಾಪ್ ನೋಡಿಕೊಂಡೇ ಓಡಿಸುವ ಅಭ್ಯಾಸ ಇದ್ದರೆ ಅದನ್ನು ಆಫ್ ಮಾಡಿ ನೋಡಿ. ತಿರುವು ಬಂದಲ್ಲಿ ರಸ್ತೆ ಮೇಲೇ ಒಂದು ಬೋರ್ಡ್ ಕಾಣುತ್ತದೆ, ದಾರಿ ತಪ್ಪುವ ಭಯ ಇಲ್ಲ. ಕಣ್ಣು ಮೂಲೆಯಿಂದ ಮೇಲೆದ್ದರೆ ಟ್ರಾಮ್, ಲಿಟಲ್ ಇಟಲಿಯ ಅಂಗಡಿ ಸಾಲು, ಮಳೆ ಬಿದ್ದು ಹೊಳೆಯುವ ರಸ್ತೆ ಎಲ್ಲ ಕಾಣುತ್ತವೆ. ಈ ಊರನ್ನು ಕಟ್ಟಿದವರು ಪಟ್ಟ ಶ್ರಮಕ್ಕೆ ಕೈ ಮುಗಿಯಬೇಕು.

ಇನ್ನು ದೌರ್ಬಲ್ಯ. ಗುಂಡಿನ ಕಾಳಗ ಈ ಗೇಮ್‌ನ ಸಪ್ಪೆ ಭಾಗ. ಮರೆಗೆ ನಿಲ್ಲುವುದು, ತಲೆ ಎತ್ತಿದವನಿಗೆ ಹೊಡೆಯುವುದು, ಮುಂದಿನ ಮರೆಗೆ ಹೋಗುವುದು, ಕೊನೆವರೆಗೂ ಇಷ್ಟೇ. ಮೈಕೈ ಜಗಳ ಇನ್ನೂ ಸಪ್ಪೆ, ಎರಡು ಬಟನ್‌ನಲ್ಲಿ ಮುಗಿಯುತ್ತದೆ. ಇದನ್ನು ಸರಿ ಮಾಡೋಕೆ ನಮ್ಮ ಕೈಲಿ ಆಗಲ್ಲ, ಬೇಗ ಮುಗಿಸೋಕೆ ಆಗುತ್ತದೆ. ಮರೆಯಿಂದ ಮರೆಗೆ ಓಡುವ ಮೊದಲು ಗೋಡೆಗಳ ಮೇಲೆ ಫಸ್ಟ್ ಏಡ್ ಪೆಟ್ಟಿಗೆ ಎಲ್ಲಿದೆ ಅಂತ ನೋಡಿಕೊಳ್ಳಿ, ಏಕೆಂದರೆ ತಾನಾಗೇ ತುಂಬುವ ಆರೋಗ್ಯ ಸ್ವಲ್ಪವೇ, ಪೂರ್ತಿ ತುಂಬಬೇಕಾದರೆ ಆ ಪೆಟ್ಟಿಗೆಯೇ ಬೇಕು. ಒಂದು ಸಣ್ಣ ಗನ್, ಒಂದು ದೊಡ್ಡದು, ಇಷ್ಟೇ ಹಿಡಿಯಬಹುದು. ಕಿರಿದಾದ ಜಾಗಕ್ಕೆ ಶಾಟ್‌ಗನ್, ಬಯಲಿಗೆ ರೈಫಲ್. ಟಾಮಿ ಗನ್ ಅನ್ನುವ ಮೆಷಿನ್ ಗನ್ ಸಿಕ್ಕಿದ ಖುಷಿಯಲ್ಲಿ ಟ್ರಿಗರ್ ಒತ್ತಿ ಹಿಡಿಯಬೇಡಿ, ನಾಲ್ಕೈದು ಗುಂಡಿನ ನಂತರ ಗುರಿ ಮೇಲಕ್ಕೆ ಹೋಗುತ್ತದೆ. ಎದುರಾಳಿಗಳು ಗುಂಪಾಗಿ ನಿಂತಿದ್ದರೆ ಮಾಲಟೋವ್ (ಬೆಂಕಿ ಹಚ್ಚಿ ಎಸೆಯುವ ಬಾಟಲಿ) ಎಸೆಯಿರಿ.

ಸಪ್ಪೆ ಅಂದೆ, ಆದರೆ ಹಳ್ಳಿ ಕಡೆ ಮದ್ಯ ತರಲು ಹೋಗುವ ಅಧ್ಯಾಯಕ್ಕೆ ಈ ಮಾತು ಹೊಂದುವುದಿಲ್ಲ. ರಾತ್ರಿ, ಜೋರು ಮಳೆ, ಒಂದು ಫಾರ್ಮ್, ಎಲ್ಲಿ ಯಾರಿದ್ದಾರೆ ಗೊತ್ತಿಲ್ಲ. ಆಡುವುದು ಅದೇ ಗನ್ ಹಿಡಿದುಕೊಂಡೇ, ಆದರೂ ಎದೆ ಹೊಡೆದುಕೊಳ್ಳುತ್ತದೆ. ಅಮೆರಿಕದಲ್ಲಿ ಆಗ ಮದ್ಯ ನಿಷೇಧ ಇತ್ತು, 1933ರ ಡಿಸೆಂಬರ್‌ವರೆಗೂ. ಗ್ಯಾಂಗುಗಳ ದುಡ್ಡಲ್ಲಿ ದೊಡ್ಡ ಪಾಲು ಬರುತ್ತಿದ್ದದ್ದು ಮದ್ಯದ ಕಳ್ಳ ಸಾಗಣೆಯಿಂದ. ಇದು ತಲೆಯಲ್ಲಿದ್ದರೆ ಒಂದು ಲಾರಿ ವಿಸ್ಕಿಗೆ ಇಷ್ಟು ಜನ ಯಾಕೆ ಸಾಯುತ್ತಾರೆ ಅನ್ನುವುದು ಅರ್ಥವಾಗುತ್ತದೆ.

ಈಗ ಆ ಒಂದು ಮಿಷನ್. ಕಾರ್ ರೇಸ್. 2002ರಲ್ಲೇ ಜನರನ್ನು ಅಳಿಸಿದ್ದು ಇದು, ಈಗಲೂ ಕೆಲವರು ಇಲ್ಲೇ ಗೇಮ್ ಬಿಡುತ್ತಾರೆ. ರೇಸ್‌ಗೆ ಮೊದಲು ಡ್ರೈವಿಂಗ್ ರೆಗ್ಯುಲರ್‌ಗೆ ಬದಲಿಸಿ. ಶುರುವಿನಲ್ಲೇ ಎಲ್ಲರನ್ನೂ ಹಿಂದಿಕ್ಕುವ ಹಠ ಬೇಡ. ಮೊದಲ ಸುತ್ತಿನಲ್ಲಿ ಬೇರೆಯವರು ತಾವೇ ಡಿಕ್ಕಿ ಹೊಡೆದುಕೊಳ್ಳುತ್ತಾರೆ, ನೀವು ರಸ್ತೆ ಬಿಟ್ಟು ಇಳಿಯದೆ ಇದ್ದರೆ ಸಾಕು. ಸೋಲಿಸುವುದು ವೇಗ ಅಲ್ಲ, ತಿರುವು. ತಿರುವಿನ ಒಳಗೆ ಬ್ರೇಕ್ ಒತ್ತಿದರೆ ಕಾರಿನ ಹಿಂಭಾಗ ಜಾರಿ ತಿರುಗಿಬಿಡುತ್ತದೆ. ನೇರ ರಸ್ತೆ ಮುಗಿಯುವ ಮೊದಲೇ ಬ್ರೇಕ್ ಒತ್ತಿ, ವೇಗ ಇಳಿದ ಮೇಲೆ ಸ್ಟೀರಿಂಗ್ ತಿರುಗಿಸಿ, ತಿರುವಿನ ಅರ್ಧ ದಾಟಿದ ಮೇಲೆ ಮೆಲ್ಲಗೆ ಆಕ್ಸಿಲರೇಟರ್ ಕೊಡಿ. ಇಷ್ಟಾದರೂ ಆಗದಿದ್ದರೆ ಡಿಫಿಕಲ್ಟಿ ಈಜಿಗೆ ಇಳಿಸಿ, ರೇಸ್ ಮುಗಿದ ಮೇಲೆ ಮತ್ತೆ ಏರಿಸಿಕೊಳ್ಳಿ. ಅದರಲ್ಲಿ ಅವಮಾನ ಏನೂ ಇಲ್ಲ. ಒಂದು ರೇಸ್‌ಗೋಸ್ಕರ ಇಂಥ ಕಥೆ ಅರ್ಧಕ್ಕೆ ನಿಲ್ಲಬಾರದು.

ಇನ್ನೊಂದು ಕೊರತೆ ನನಗೆ ನಿಜವಾಗಿ ಬೇಸರ ತರಿಸಿದ್ದು. ಕಥೆ 1930ರಿಂದ 1938ರವರೆಗೆ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತದೆ. ಟಾಮಿ ಮತ್ತು ಸಲಿಯೇರಿಯ ಬಾರ್‌ನಲ್ಲಿ ಕೆಲಸ ಮಾಡುವವನ ಮಗಳು ಸಾರಾ ಹತ್ತಿರವಾಗುವುದನ್ನು ಒಂದು ರಾತ್ರಿ ನೋಡುತ್ತೀರಿ. ಆಮೇಲಿನ ಅವರ ಸಂಸಾರ ನಮಗೆ ಸಿಗುವುದು ಅಲ್ಲೊಂದು ಇಲ್ಲೊಂದು ದೃಶ್ಯದಲ್ಲಿ. ಮೂಲ ಗೇಮ್‌ಗಿಂತ ಇದರಲ್ಲಿ ಸಾರಾಳಿಗೆ ಜಾಗ ಜಾಸ್ತಿ ಕೊಟ್ಟಿದ್ದಾರೆ, ಆದರೂ ಸಾಲದು. ಆದ್ದರಿಂದ ಅಧ್ಯಾಯದ ಶುರುವಿನಲ್ಲಿ ತೋರಿಸುವ ವರ್ಷವನ್ನು ಗಮನಿಸಿ. ನಡುನಡುವೆ ಟಾಮಿ ಒಂದು ಕೆಫೆಯಲ್ಲಿ ಡಿಟೆಕ್ಟಿವ್ ನಾರ್ಮನ್ ಎದುರು ಕೂತು ನಡೆದದ್ದನ್ನೆಲ್ಲ ಹೇಳುವ ದೃಶ್ಯ ಬರುತ್ತದೆ, ಅದನ್ನು ಸ್ಕಿಪ್ ಮಾಡಬೇಡಿ. ಬಿಟ್ಟುಹೋದ ವರ್ಷಗಳಲ್ಲಿ ಟಾಮಿಯ ಮನಸ್ಸು ಎತ್ತ ವಾಲಿತು ಅನ್ನುವುದು ಅಲ್ಲೇ ಸಿಗುತ್ತದೆ. ದಿನಕ್ಕೆ ಎರಡು ಅಧ್ಯಾಯ ಆಡಿದರೆ ಹದವಾಗಿರುತ್ತದೆ. ಒಟ್ಟು 20 ಅಧ್ಯಾಯ, ಹತ್ತು ಹನ್ನೆರಡು ಗಂಟೆಯ ಆಟ. ಒಂದೇ ಭಾನುವಾರ ಕೂತು ಮುಗಿಸಿದರೆ ಗುಂಡಿನ ಕಾಳಗಗಳು ಒಂದರ ಮೇಲೊಂದು ಬಂದು ಕಥೆಯೇ ಮಸುಕಾಗುತ್ತದೆ.

ಊರು ಸುತ್ತುವ ಆಸೆ ಇದ್ದವರಿಗೆ ಮುಖ್ಯ ಮೆನುವಿನಲ್ಲಿ ಫ್ರೀ ರೈಡ್ ಇದೆ. ಕಥೆಯ ನಡುವೆ ಅಲ್ಲ, ಮುಗಿದ ಮೇಲೆ ಹೋಗಿ. ಅಲ್ಲೂ ಕೆಲಸ ಕಡಿಮೆಯೇ, ಆದರೆ ರೇಡಿಯೊದಲ್ಲಿ ಜಾಝ್ ಹಾಕಿಕೊಂಡು ಸೇತುವೆ ದಾಟುವುದಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಪರದೆಯನ್ನೇ ಕಪ್ಪು ಬಿಳುಪು ಮಾಡುವ ನುವಾರ್ ಮೋಡ್ ಕೂಡ ಆಮೇಲೆ ಸೇರಿಸಿದ್ದಾರೆ, ಎರಡನೇ ಸಲ ಆಡುವಾಗ ಹಾಕಿ.

ಮೂರೂ ಭಾಗ ಇರುವ ಟ್ರಿಲಜಿ ತಗೊಂಡಿದ್ದರೆ ಮೊದಲು ಇದನ್ನು ಮುಗಿಸಿ, ಆಮೇಲೆ ಎರಡನೆಯದು. ಎರಡನೇ ಭಾಗದಲ್ಲಿ ಒಂದು ಕಡೆ ಇದರ ಅಂತ್ಯ ನೇರವಾಗಿ ಬಂದುಬಿಡುತ್ತದೆ. ಅದಕ್ಕೇ ಯೂಟ್ಯೂಬ್‌ನಲ್ಲಿ ಎರಡನೆಯದರ ವಿಡಿಯೊಗಳನ್ನೂ ಸದ್ಯಕ್ಕೆ ತೆರೆಯಬೇಡಿ.