ಎರಡು ಕನ್ನಡಿಗಳ ನಡುವೆ ಎರಡು ಬಣ್ಣಗಳು

ಬೆಳಕು ಹೀರಿ ಮತ್ತೆ ಹೊರಸೂಸುವ ಪ್ರತಿದೀಪಕ ಬಣ್ಣದ ಅಣುಗಳ ನಡುವಿನ ಶಕ್ತಿ ವರ್ಗಾವಣೆಯನ್ನು ಕನ್ನಡಿಗಳಿಂದ ಹತೋಟಿಗೆ ತರಬಹುದು. ಆದರೆ ನನ್ನ ಅಳತೆಗಳಲ್ಲಿ ಕನ್ನಡಿ ಬದಲಾಯಿಸಿದ್ದು ವರ್ಗಾವಣೆಯ ವೇಗವನ್ನಲ್ಲ, ಅದರ ಜೊತೆ ಪೈಪೋಟಿಗೆ ನಿಂತ ಬೆಳಕಿನ ಹೊರಸೂಸುವಿಕೆಯನ್ನು.

ಶಕ್ತಿ ಕೊಡುವ ದಾನಿಯಾಗಿ ಹಸಿರು ಸೂಸುವ ಅಲೆಕ್ಸಾ 488, ಅದನ್ನು ಪಡೆಯುವ ಗ್ರಾಹಿಯಾಗಿ ಕೆಂಪು ಸೂಸುವ ಅಲೆಕ್ಸಾ 594 ಎಂಬ ಬಣ್ಣಗಳನ್ನು ಆರಿಸಿಕೊಂಡೆ. ಎರಡನ್ನೂ ಒಂದು ಚಿಕ್ಕ ಡಿಎನ್‌ಎ ಎಳೆಗೆ ಅಂಟಿಸಿದರೆ ದೂರ ನಮ್ಮ ಕೈಯಲ್ಲಿರುತ್ತದೆ, ಒಂದು ಬೇಸ್ ಜೋಡಿಗೆ ಸುಮಾರು 0.34 ನ್ಯಾನೋಮೀಟರ್. ಜರ್ಮನ್ ವಿಜ್ಞಾನಿ ಫೋರ್‌ಸ್ಟರ್ 1940ರ ದಶಕದಲ್ಲಿ ತೋರಿಸಿದಂತೆ ವರ್ಗಾವಣೆಯ ವೇಗ ದೂರದ ಆರನೇ ಘಾತಕ್ಕೆ ವಿಲೋಮ. ಈ ಜೋಡಿಗೆ ಸುಮಾರು 6 ನ್ಯಾನೋಮೀಟರ್ ಅಂತರದಲ್ಲಿ ಅರ್ಧ ಶಕ್ತಿ ಗ್ರಾಹಿಗೆ ದಾಟುತ್ತದೆ.

ದಾನಿಯ ಕ್ವಾಂಟಮ್ ಇಳುವರಿ, ಅಂದರೆ ಹೀರಿದ ಫೋಟಾನ್‌ಗಳಲ್ಲಿ ಮತ್ತೆ ಬೆಳಕಾಗಿ ಹೊರಬರುವ ಪಾಲು, ಹೆಚ್ಚಿರಲೇಬೇಕು. ಅಲೆಕ್ಸಾ 488ಕ್ಕೆ ಅದು 0.92ರಷ್ಟು. ಕನ್ನಡಿಗಳು ಅದರ ಹೊರಸೂಸುವಿಕೆಯ ವೇಗವನ್ನು ದುಪ್ಪಟ್ಟು ಮಾಡಿದವು ಎನ್ನಿ, 50 ಶೇಕಡಾ ಇದ್ದ ದಕ್ಷತೆ (ಗ್ರಾಹಿಗೆ ದಾಟುವ ಶಕ್ತಿಯ ಪಾಲು) 34ರ ಹತ್ತಿರಕ್ಕೆ ಇಳಿಯುತ್ತದೆ. ಇಳುವರಿ 0.15 ಇರುವ ಬಣ್ಣದಲ್ಲಿ ಅದೇ ಬದಲಾವಣೆ 50ನ್ನು 46ಕ್ಕೋ 47ಕ್ಕೋ ಇಳಿಸುತ್ತದೆ, ಅಷ್ಟೇ. ಪ್ರಯೋಗಕ್ಕೆ ಕೂರುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಕ್ಯಾವಿಟಿ, ಅಂದರೆ ಎರಡು ಕನ್ನಡಿಗಳ ನಡುವಿನ ಕಿರು ಸಂದು, ಕಟ್ಟಿದ್ದು ಹೀಗೆ: ಚಪ್ಪಟೆ ಗಾಜಿನ ಮೇಲೆ ತೆಳು ಬೆಳ್ಳಿ, ಎದುರಿಗೆ ಬೆಳ್ಳಿ ಲೇಪಿಸಿದ ಉಬ್ಬು ಮಸೂರ, ಮಸೂರದ ಹಿಂದೆ ಅದನ್ನು ವಿದ್ಯುತ್ತಿನಿಂದ ಕೂದಲೆಳೆಗಿಂತ ಸೂಕ್ಷ್ಮವಾಗಿ ಸರಿಸುವ ಪೀಜೋ. ಮೈಕ್ರೋಸ್ಕೋಪಿನ ಕಡೆಯ ಬೆಳ್ಳಿ 30 ನ್ಯಾನೋಮೀಟರ್, ಎದುರಿನದು 60. ಎರಡರ ಮೇಲೂ ಸಿಲಿಕಾ ಪದರ ಬೇಕೇ ಬೇಕು; ಬಣ್ಣ ಲೋಹದ ತೀರಾ ಸಮೀಪ ಹೋದರೆ ಅದರ ಶಕ್ತಿಯನ್ನು ಲೋಹವೇ ನುಂಗಿಬಿಡುತ್ತದೆ. ಸಂದು ಅರ್ಧ ತರಂಗದಷ್ಟಿದ್ದರೆ ಕ್ಯಾವಿಟಿ ಆ ಬೆಳಕಿಗೆ ಹೊಂದುತ್ತದೆ; ದಾನಿ ಸೂಸುವ 520 ನ್ಯಾನೋಮೀಟರ್ ಬೆಳಕಿಗೆ ನೀರಿನಲ್ಲಿ ಅರ್ಧ ತರಂಗ ಎಂದರೆ 195 ನ್ಯಾನೋಮೀಟರ್. ಬೆಳಕು ಬೆಳ್ಳಿಯೊಳಗೂ ಸ್ವಲ್ಪ ಇಳಿಯುವುದರಿಂದ ನಿಜವಾದ ಸಂದು ಇನ್ನೂ ಕಿರಿದು. ಅದನ್ನು ಅಳತೆಪಟ್ಟಿಯಿಂದಲ್ಲ, ಬಿಳಿ ಬೆಳಕು ಹಾಯಿಸಿ ಯಾವ ತರಂಗಾಂತರ ದಾಟಿ ಬರುತ್ತದೆಂದು ನೋಡಿ ಹೊಂದಿಸಿದೆ.

ಇನ್ನು ಅಳತೆ. ದಾನಿ, ಗ್ರಾಹಿಗಳ ಬೆಳಕಿನ ಅನುಪಾತದಿಂದ ದಕ್ಷತೆ ಹೇಳುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಕ್ಯಾವಿಟಿಯೇ ಒಂದು ಬಣ್ಣದ ಸೋಸುಕ. ಹಸಿರಿಗೆ ಹೊಂದಿಸಿದರೆ ಹಸಿರು ಉಕ್ಕುತ್ತದೆ, ಕೆಂಪಿಗೆ ಹೊಂದಿಸಿದರೆ ಕೆಂಪು. ವರ್ಗಾವಣೆ ಒಂದಿಷ್ಟೂ ಬದಲಾಗದಿದ್ದರೂ ಹೀಗಾಗುತ್ತದೆ. ಹಾಗಾಗಿ ದಾನಿಯ ಜೀವಿತಾವಧಿಯನ್ನೇ (ಶಕ್ತಿ ಹೀರಿದ ಅಣು ಅದನ್ನು ಬಿಡುವವರೆಗಿನ ಸರಾಸರಿ ಕಾಲ) ಫೋಟಾನ್ ಒಂದೊಂದಾಗಿ ಎಣಿಸಿ ಅಳೆದೆ. ನೀರಿನಲ್ಲಿ ಒಂಟಿ ಅಲೆಕ್ಸಾ 488ರದ್ದು ಸುಮಾರು 4.1 ನ್ಯಾನೋಸೆಕೆಂಡ್. ಗ್ರಾಹಿ ಇರುವ ಮಾದರಿಯನ್ನೂ ಇಲ್ಲದ ಮಾದರಿಯನ್ನೂ ಅದೇ ಸಂದಿನಲ್ಲಿ ಅಳೆದಾಗಲೇ ಹೋಲಿಕೆಗೆ ಅರ್ಥ. ಅಷ್ಟು ಚಿಕ್ಕ ಅವಧಿಯಲ್ಲಿ ಅಣು ಹೊರಳುತ್ತದೆ, ಆದರೆ ಇದ್ದ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಸಂದಿನ ನಡುವಿರುವ ಅಣುವಿಗೂ ಅಂಚಿನದಕ್ಕೂ ಜೀವಿತಾವಧಿ ಬೇರೆ ಬೇರೆ. ಬೆಳಕು ಕುಗ್ಗುವ ಬಗೆಗೆ ಒಂದೋ ಎರಡೋ ಘಾತೀಯ ರೇಖೆ ಹೊಂದಿಸಿ ತೃಪ್ತರಾಗದೆ, ಎಲ್ಲ ಜಾಗಗಳನ್ನೂ ಕೂಡಿಸಿದ ಗಣಿತದ ಮಾದರಿಯಿಂದಲೇ ಲೆಕ್ಕ ತೆಗೆಯಬೇಕು.

ಹಾಗೆ ತೆಗೆದಾಗ ದಾನಿಗೆ ಹೊಂದಿಸಿದ ಸಂದಿನಲ್ಲಿ ದಕ್ಷತೆ ಇಳಿಯಿತು, ಅದಕ್ಕಿಂತ ಕಿರಿದಾದ ಸಂದಿನಲ್ಲಿ ಏರಿತು. ವರ್ಗಾವಣೆಯ ವೇಗ ಮಾತ್ರ ಅಳತೆಯ ಮಿತಿಯೊಳಗೆ ಕದಲಲಿಲ್ಲ. ಈ ಬಗ್ಗೆ ವಾದ ಹಳೆಯದು. 2000ದಲ್ಲಿ ಆಂಡ್ರೂ ಮತ್ತು ಬಾರ್ನ್ಸ್ ಎಂಬ ವಿಜ್ಞಾನಿಗಳು ಕ್ಯಾವಿಟಿಯಲ್ಲಿ ವೇಗವೂ ಬದಲಾಗುತ್ತದೆಂದು ವರದಿ ಮಾಡಿದ್ದರು. 2012ರಲ್ಲಿ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ತಂಡ ಡಿಎನ್‌ಎ ಜೋಡಿಗಳನ್ನು ಕನ್ನಡಿಯಿಂದ ಬೇರೆ ಬೇರೆ ದೂರದಲ್ಲಿಟ್ಟು, ವೇಗ ಬದಲಾಗುವುದಿಲ್ಲ ಎಂದು ತೋರಿಸಿತು. ನಾನು ಎರಡನೆಯವರ ಕಡೆ. ಆರು ನ್ಯಾನೋಮೀಟರ್ ಅಂತರದ ಅಣುಗಳು ಪರಸ್ಪರ ಮುಟ್ಟುವುದು ಸಮೀಪ ಕ್ಷೇತ್ರದಿಂದ, ಅಂದರೆ ಅಣುವಿನ ಪಕ್ಕದಲ್ಲೇ ಬಲವಾಗಿದ್ದು ದೂರಕ್ಕೆ ಬೇಗ ಕ್ಷೀಣಿಸುವ ವಿದ್ಯುತ್ ಕ್ಷೇತ್ರದಿಂದ. ಕನ್ನಡಿಗಳು ಅದಕ್ಕೆ ಬಹಳ ದೂರ.

ಖಾತ್ರಿಗಾಗಿ ನೀರಿಗೆ ಪೊಟ್ಯಾಸಿಯಮ್ ಅಯೋಡೈಡ್ ಬೆರೆಸಿ ದಾನಿಯ ಇಳುವರಿಯನ್ನು ಬೇಕೆಂದೇ ಕುಗ್ಗಿಸಿದೆ. ಲೆಕ್ಕ ಹೇಳಿದಂತೆಯೇ ದಕ್ಷತೆಯ ಮೇಲೆ ಕ್ಯಾವಿಟಿಗಿದ್ದ ಹಿಡಿತ ಸಡಿಲವಾಯಿತು.